ಗುಂಡಿಯಕ್ಕನ ಹೆಸರಿನ ಮೆಷಿನ್ನು

ಅಂಗಡಿ ತುಂಬ ಜನ ಇರುವಾಗ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಬೇಕಿತ್ತಾ? ಮೆಲ್ಲಗೆ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

"ನಿಮಗೆ ಸಾಲ ಹುಟ್ಟಲ್ಲ ಮೇಡಂ. ನಿಮ್ಮ ಕ್ರೆಡಿಟ್ ಸ್ಕೋರ್ ಪಾತಾಳದಲ್ಲಿದೆ," ಅಂದಳು ಕಂತಿನ ಸಾಲ ಕೊಡುವ ಕಂಪನಿಯ ಹೆಂಗಸು, ಕಂಪ್ಯೂಟರಿನಿಂದ ಕಣ್ಣು ಕೂಡ ಎತ್ತದೆ. ಪಕ್ಕದಲ್ಲಿ ಮಿಕ್ಸಿ ನೋಡುತ್ತಿದ್ದ ಗಂಡಹೆಂಡತಿ ಇಬ್ಬರೂ ತಿರುಗಿದರು. ಗುಂಡಿಯಕ್ಕನ ಮೈಯೆಲ್ಲ ಉರಿದುಹೋಯಿತು.

ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವವಳು. ಅಲ್ಲಿಂದಲೇ ಆ ಹೆಸರು ಅಂಟಿಕೊಂಡಿತ್ತು. ಮನೆಯಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ಅಮ್ಮ. ಎಲ್ಲ ಹಾಸಿಗೆಯಲ್ಲೇ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಬಟ್ಟೆಗಳನ್ನು ಉಜ್ಜಿ ಉಜ್ಜಿ ಅವಳ ಬೆರಳೆಲ್ಲ ಬಿರುಕು ಬಿಟ್ಟಿದ್ದವು. ಹೋದ ವಾರ ಒಂದು ಬಿಳಿ ಅಂಗಿಯ ಕಾಲರಿಗೆ ರಕ್ತದ ಚುಕ್ಕೆ ಅಂಟಿದ್ದೇ ತಡ, ಸೂಪರ್‌ವೈಸರ್ ಹಾರಾಡಿಬಿಟ್ಟ. ಇನ್ನೊಂದು ಅಂಗಿ ಕೆಟ್ಟರೆ ಕೆಲಸದಿಂದ ತೆಗೆಯುತ್ತೇನೆ ಅಂದ. ಕೆಲಸ ಹೋದರೆ ಅಮ್ಮನ ಔಷಧಿಗೆ ಯಾರ ಮನೆ ಬಾಗಿಲು ತಟ್ಟೋದು? ಅದಕ್ಕೇ ಅವಳು ಒಂದು ವಾಷಿಂಗ್ ಮೆಷಿನ್ನು ಕೇಳಲು ಬಂದಿದ್ದು. ಶೋಕಿಗಲ್ಲ.

"ನಾನು ಈ ಜನ್ಮದಲ್ಲಿ ಯಾರ ಹತ್ರಾನೂ ಸಾಲ ಮಾಡಿಲ್ಲ ಕಣಮ್ಮ. ಸರಿಯಾಗಿ ನೋಡು."

"ನೋಡಿದೆ. ಹೋದ ವರ್ಷ ನಮ್ಮ ಕಂಪನಿಯಿಂದಲೇ ವಾಷಿಂಗ್ ಮೆಷಿನ್ ತಗೊಂಡಿದೀರಿ. ಶುರುವಲ್ಲಿ ಮೂರು ಕಂತು ಕಟ್ಟಿದ್ದು ಬಿಟ್ಟರೆ ಆಮೇಲೆ ಸುದ್ದೀನೇ ಇಲ್ಲ."

ಗುಂಡಿಯಕ್ಕನಿಗೆ ನಗು ಬಂತು. "ನನ್ನ ಮನೇಲಿ ಮೆಷಿನ್ ಇದ್ದಿದ್ರೆ ನಿನ್ನ ಮುಂದೆ ಬಂದು ಯಾಕಮ್ಮ ಹಲ್ಲು ಗಿಂಜ್ತಿದ್ದೆ? ಈ ಕೈ ನೋಡು!"

ಆ ಹೆಂಗಸು ಕೈಯನ್ನು ಒಮ್ಮೆ ನೋಡಿದಳು. ಆಮೇಲೆ ಇನ್ನೊಂದು ದಾರಿ ತೋರಿಸಿದಳು. ಸ್ಕೋರ್ ಕೆಟ್ಟವರಿಗೆಂದೇ ಬೇರೆ ಒಂದು ಕಂಪನಿ ಇದೆಯಂತೆ, ತಕ್ಷಣ ಕೊಡುತ್ತದಂತೆ. ಆದರೆ ಕಂತೆಲ್ಲ ಮುಗಿಯುವ ಹೊತ್ತಿಗೆ ಒಂದು ಮೆಷಿನ್ನಿಗೆ ಎರಡು ಮೆಷಿನ್ನಿನ ದುಡ್ಡು.

"ಭೇಷ್! ಇರೋರಿಗೆ ಕಡಿಮೆ, ಇಲ್ಲದೋರ ಹತ್ರ ಡಬಲ್ಲು. ಬಾಯಿ ಬಿಟ್ಟು ಹೇಳೋಕೆ ನಾಚಿಕೆ ಆಗಲ್ವಾ?" ಅಂದಳು ಗುಂಡಿಯಕ್ಕ. ನಾಚಿಕೆ ಎಲ್ಲಿ ಬಂತು, ಪಾಪ, ಅವಳಿಗೂ ಸಂಬಳ ಬರಬೇಕಲ್ಲ. "ಅದಿರಲಿ, ಆ ಮೆಷಿನ್ನನ್ನ ಯಾವ ಮನೆಗೆ ಇಳಿಸಿದ್ರಿ?"

ಹೆಂಗಸು ವಿಳಾಸ ಓದಿದಳು. ಅದು ಗುಂಡಿಯಕ್ಕನ ಸ್ವಂತ ತಮ್ಮನ ಮನೆ. ಕಂತಿನ ವಿಷಯಕ್ಕೆ ಕೊಟ್ಟಿದ್ದ ಫೋನ್ ನಂಬರೂ ತಮ್ಮನದೇ, ಹಾಗಾಗಿ ಕಂಪನಿಯವರ ಬೈಗುಳ ಒಂದೂ ಇವಳ ಕಿವಿಗೆ ಬಿದ್ದಿರಲಿಲ್ಲ.

ಆಗ ನೆನಪಾಯಿತು. ಹೋದ ವರ್ಷ, ಕಾರ್ಖಾನೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತಲ್ಲಿ, ತಮ್ಮನ ಫೋನು. "ಅಕ್ಕಾ, ಅಮ್ಮನ ಆಸ್ಪತ್ರೆ ಕಾರ್ಡ್ ಮಾಡಿಸ್ತಿದೀನಿ. ನಿನ್ನ ಫೋನಿಗೆ ಆಧಾರ್‌ದು ಒಂದು ಓಟಿಪಿ ನಂಬರ್ ಬಂದಿರುತ್ತೆ, ಬೇಗ ಹೇಳು." ಅಮ್ಮನ ಹೆಸರು ಕೇಳಿದ್ದೇ ಇವಳು ಹಿಂದೆಮುಂದೆ ನೋಡದೆ ಹೇಳಿದ್ದಳು. ಅವಳ ಆಧಾರ್ ಕಾರ್ಡು ಅದಾಗಲೇ ಅವನ ಹತ್ತಿರವಿತ್ತು. ಆ ನಂಬರಿನಿಂದ ಹುಟ್ಟಿದ್ದು ಈ ಸಾಲ; ಆಸ್ಪತ್ರೆ ಕಾರ್ಡು ಇವತ್ತಿಗೂ ಬಂದಿಲ್ಲ ಬಿಡಿ. ಹೊರಗಿನವರು ಟೋಪಿ ಹಾಕಿದರೆ ಪೊಲೀಸರ ಹತ್ತಿರ ಹೋಗಬಹುದು. ಒಡಹುಟ್ಟಿದವನು ಹಾಕಿದರೆ?

ಗುಂಡಿಯಕ್ಕ ಪೊಲೀಸರ ಹತ್ತಿರ ಹೋಗಲಿಲ್ಲ. ಬೀದಿ ಕೊನೆಯಲ್ಲಿ ನಿಂತಿದ್ದ ಸಾಮಾನು ಸಾಗಿಸುವ ಗಾಡಿ ಹತ್ತಿದಳು.

ತಮ್ಮನ ಮನೆಯ ಹಿಂದಿನ ಕಟ್ಟೆಯ ಮೇಲೆ ಮೆಷಿನ್ನು ಗಿರಗಿರ ತಿರುಗುತ್ತಿತ್ತು. ಗಾಜಿನ ಬಾಗಿಲಾಚೆ ಅವನ ಜೀನ್ಸ್ ಪ್ಯಾಂಟುಗಳು ಹಾಯಾಗಿ ಉರುಳಾಡುತ್ತಿದ್ದವು.

"ಏನಕ್ಕಾ, ಹೇಳದೆ ಕೇಳದೆ?" ಅಂತ ತಮ್ಮ ಎದ್ದುಬಂದ.

"ನನ್ನ ಸಾಮಾನು ತಗೊಂಡು ಹೋಗೋಕೆ ಬಂದೆ. ಕಂಪನಿ ಕಂಪ್ಯೂಟರಲ್ಲಿ ಈ ಮೆಷಿನ್ನು ಯಾರ ಹೆಸರಲ್ಲಿದೆ, ಹೇಳೋ."

ಅವನ ಮುಖ ಬಿಳಿಚಿಕೊಂಡಿತು. "ನನ್ನ ಅಂಗಡಿ ನಡೀಲಿಲ್ಲ ಅಕ್ಕಾ, ಕೈ ಕಟ್ಟಿಹೋಯ್ತು. ಈ ವರ್ಷ ಎಲ್ಲ ತೀರಿಸಿಬಿಡ್ತಿದ್ದೆ, ಅಮ್ಮನಾಣೆ..."

"ಅಮ್ಮನ ಹೆಸರೆತ್ತಿದ್ರೆ ಕಪಾಳಕ್ಕೆ ಬಿಡ್ತೀನಿ! ಅಮ್ಮನ ಹೆಸರು ಹೇಳಿ ತಾನೇ ಮೆಷಿನ್ನು ಹೊಡೆದಿದ್ದು? ನಾನು ಅವಳ ಬಟ್ಟೆ ಒಗೆದು ಕೈ ಕೊಳೆಯಿಸ್ಕೋಬೇಕು, ನೀನು ನನ್ನ ಹೆಸರಲ್ಲಿ ಪ್ಯಾಂಟ್ ಒಗೆಸ್ಕೋಬೇಕು!"

"ಬಟ್ಟೆ ಇನ್ನೂ ಒಳಗಿದೆ ಅತ್ತಿಗೆ," ಅಂದಳು ತಮ್ಮನ ಹೆಂಡತಿ, ಅಳುಮೋರೆ ಮಾಡಿಕೊಂಡು. ಗುಂಡಿಯಕ್ಕ ಸ್ವಿಚ್ ಆರಿಸಿ, ನೀರು ಹೊರಗೆ ಬಿಟ್ಟು, ಸೋಪು ತೊಟ್ಟಿಕ್ಕುವ ಪ್ಯಾಂಟುಗಳನ್ನು ಒಂದೊಂದಾಗಿ ಎಳೆದು ತಮ್ಮನ ಹೆಗಲಿಗೆ ಹಾಕಿದಳು. ಗಾಡಿಯವನು ಪೈಪು ಬಿಚ್ಚಿದ. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಬಾಕಿ ಕಂತು ಹೇಗೂ ಅವಳ ತಲೆಯ ಮೇಲೇ ಇತ್ತು. ಮೆಷಿನ್ನಿಗೆ ಮುಂಗಡ ಅಂತ ಎತ್ತಿಟ್ಟ ದುಡ್ಡನ್ನು ಅದಕ್ಕೇ ಸುರಿಯುವುದು ಅಂತ ದಾರಿಯಲ್ಲೇ ತೀರ್ಮಾನಿಸಿದಳು.

ಮನೆಯ ಬಚ್ಚಲಲ್ಲಿ ಮೆಷಿನ್ನು ಇಳಿಸುವ ಸದ್ದಿಗೆ ಅಮ್ಮ ಕಷ್ಟಪಟ್ಟು ಕತ್ತು ತಿರುಗಿಸಿದಳು. ಸೊಟ್ಟಗಾದ ಬಾಯಿ ತುಂಬ ನಗು.

"ಪುಟ್ಟ ಕೊಡಿಸಿದ್ನಾ? ನಂಗೊತ್ತಿತ್ತು."

ಹೊಟ್ಟೆ ಬಂದು, ತಲೆ ನರೆಯೋಕೆ ಶುರುವಾದರೂ ಅಮ್ಮನಿಗೆ ಅವನು ಪುಟ್ಟನೇ.

"ಅವನು ಕೊಡಿಸ್ಲಿಲ್ಲ. ನನ್ನ ಹೆಸರಲ್ಲಿ ಕದ್ದು ಇಟ್ಕೊಂಡಿದ್ದ. ನಾನು ಕಿತ್ಕೊಂಡು ಬಂದೆ."

ಅಮ್ಮನ ಕಣ್ಣಲ್ಲಿ ನೀರು ತುಂಬಿತು. ಈಗಲಾದರೂ ತನ್ನ ಪಾಡು ಅರ್ಥವಾಯಿತಲ್ಲ ಅಂದುಕೊಂಡು ಗುಂಡಿಯಕ್ಕ ಹತ್ತಿರ ಹೋಗಿ ಕೂತಳು.

"ಅಯ್ಯೋ, ಅವನ ಮನೇಲಿ ಇನ್ನು ಬಟ್ಟೆ ಒಗೆಯೋರು ಯಾರೇ?" ಅಂದಳು ಅಮ್ಮ.

ಗುಂಡಿಯಕ್ಕ ಕೂತಲ್ಲಿಂದ ದಡಕ್ಕನೆ ಎದ್ದಳು. ಅಮ್ಮನ ಮೇಲೆ ಅವಳು ಎಂದೂ ದನಿ ಏರಿಸಿದವಳಲ್ಲ. ಅವತ್ತಿನ ಕೂಗು ಪಕ್ಕದ ಮನೆಗೂ ಕೇಳಿಸಿತು.

"ಈ ಮನೇಲಿ ಯಾರು ಒಗೀತಿದಾರೆ ಅಂತ ಒಂದು ದಿನಾನಾದ್ರೂ ಕೇಳಿದ್ಯೇನಮ್ಮ?"

ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಒಂದು ಗಳಿಗೆ ಬಿಟ್ಟು, ಗುಂಡಿಯಕ್ಕ ಅವಳನ್ನು ನೋವಾಗದ ಹಾಗೆ ಮಗ್ಗುಲಿಗೆ ಹೊರಳಿಸಿ, ಕೆಳಗಿನಿಂದ ಒದ್ದೆ ಬಟ್ಟೆ ಎಳೆದುಕೊಂಡಳು.