ಕೋನಪ್ಪನ ಒಂದು ಗೇಣು

ಮಂಡಿಕಲ್ಲಿನ ಬೀದಿಯಲ್ಲಿ ಕೋನಪ್ಪ ಮುಗಿಲು ನೋಡಿಕೊಂಡೇ ನಡೆಯುತ್ತಿದ್ದ. ಎದುರಿಗೆ ಎಮ್ಮೆ ಬರಲಿ, ಬಸ್ಸು ಬರಲಿ, ಕತ್ತು ಇಳಿಯುತ್ತಿರಲಿಲ್ಲ. ಆಯುಷ್ಯವಿಡೀ ನೆತ್ತಿಯ ಮೇಲೆ ತೂಗುವ ಕೊಕ್ಕೆಯನ್ನು ನೋಡಿ ನೋಡಿ ಅದು ಹಾಗೆಯೇ ನಿಂತುಬಿಟ್ಟಿತ್ತು. ಹೊಸಬರು ಜಂಬದ ಆಸಾಮಿ ಅಂದುಕೊಂಡರೆ, ಬಲ್ಲವರು ಕಾಲಿಗೆ ಕಲ್ಲು ಸಿಕ್ಕೀತೆಂದು ದೂರದಿಂದಲೇ ಕೂಗಿ ಹೇಳುತ್ತಿದ್ದರು. ಮೈಮೇಲೊಂದು ಖಾಕಿ ಕೋಟು. ಅದರ ಒಂದೇ ಜೇಬಿನಲ್ಲಿ ಗ್ರೀಸಿನ ಬಟ್ಟೆಯೂ ಎಲೆಅಡಿಕೆಯೂ ಅನ್ಯೋನ್ಯವಾಗಿ ಸಂಸಾರ ಮಾಡಿಕೊಂಡಿದ್ದವು.

ಕೊಳವೆಬಾವಿಯ ಪಾತಾಳದಲ್ಲಿ ಸುಟ್ಟುಹೋದ ಮೋಟಾರನ್ನು ಮೇಲೆತ್ತುವುದು ಅವನ ಕಸುಬು. ಬಾವಿಯ ಬಾಯಿಗೆ ಮೂರು ಕಬ್ಬಿಣದ ಕಾಲು ನಿಲ್ಲಿಸಿ, ನೆತ್ತಿಗೆ ಚೈನ್ ಪುಲ್ಲಿ ತೂಗುಹಾಕಿದನೆಂದರೆ, ನಾನು ಮಾಡುತ್ತಿದ್ದ ಕೆಲಸ ಬಿಟ್ಟು ನೋಡಲು ಓಡುತ್ತಿದ್ದೆ. ಆ ಯಂತ್ರದ ಸೋಜಿಗವೇ ಅಂಥದ್ದು ನೋಡಿ. ಕೈಸರಪಳಿಯನ್ನು ಮಾರುಗಟ್ಟಲೆ ಎಳೆದರೆ ಕೊಕ್ಕೆ ಬೆರಳಷ್ಟು ಏರುತ್ತದೆ. ಒಳಗಿನ ಹಲ್ಲುಗಾಲಿಗಳು ಆನೆಭಾರವನ್ನು ಹಂಚಿ ಹಂಚಿ ಒಂದು ತೋಳಿಗೆ ಒಗ್ಗುವಷ್ಟು ಹಗುರ ಮಾಡಿಕೊಡುತ್ತವೆ. ಕೈಬಿಟ್ಟರೆ? ತೂಗುವ ಭಾರವೇ ಒಳಗಿನ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ, ತನ್ನನ್ನು ತಾನೇ ಕಚ್ಚಿ ಹಿಡಿದುಕೊಳ್ಳುತ್ತದೆ. ಸರಪಳಿಗೆ ಎಣ್ಣೆ ಬೇಕು, ಹಲ್ಲುಗಳಿಗೆ ಗ್ರೀಸು ಬೇಕು. ಆ ಬಿಲ್ಲೆಗಳು ಮಾತ್ರ ಒಣಗಿಯೇ ಇರಬೇಕು. ಕೋನಪ್ಪ ಬಿಡುವಿದ್ದಾಗಲೆಲ್ಲ ಸರಪಳಿಯ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ತಡವಿ ಸವೆತ ನೋಡುತ್ತಿದ್ದ, ಕೊಕ್ಕೆಯ ಬಾಯಿ ಹಿಗ್ಗಿದೆಯೋ ಎಂದು ಹೆಬ್ಬೆರಳಿಟ್ಟು ಅಳೆಯುತ್ತಿದ್ದ.

ಅವನದೊಂದು ಹಟವಿತ್ತು. ಯಾವ ಭಾರವನ್ನಾದರೂ ಮೊದಲು ಒಂದೇ ಗೇಣು ಎತ್ತಿ, ಸರಪಳಿ ಬಿಟ್ಟು, ಕುಕ್ಕರುಗಾಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವುದು. ಯಾರು ಅವಸರ ಮಾಡಿದರೂ “ಉಂಡಪ್ಪಾ, ಉಂಡು” ಎಂದು, ಇರಪ್ಪಾ ಇರು ಅನ್ನುವುದನ್ನು ತೆಲುಗಿನಲ್ಲೇ ಹೇಳಿ ತಡೆಯುತ್ತಿದ್ದ.

ಎರಡು ಸಾವಿರದ ನಾಲ್ಕರ ಆಯುಧಪೂಜೆಯ ಮಾರನೆಯ ಬೆಳಗ್ಗೆ ಅನಸೂಯಮ್ಮನ ಹಿಪ್ಪುನೇರಳೆ ತೋಟದಲ್ಲಿ ಮೋಟಾರು ಸುಟ್ಟಿತು. ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಸೊಪ್ಪಿಗಾಗಿ ಬಾಯಿಬಿಡುತ್ತಿದ್ದವು; ತೋಟದಲ್ಲಿ ಸೊಪ್ಪು ಬಾಡತೊಡಗಿತ್ತು. ಇದ್ದದ್ದು ಒಂದೇ ಬೋರು. ಎತ್ತುವಾಗ ಮೋಟಾರು ತೂಗುವ ಪೈಪು ಜಾರಿ ಒಳಗೆ ಬಿದ್ದರೆ ಆ ಬಾವಿ ಶಾಶ್ವತವಾಗಿ ಮುಚ್ಚಿದಂತೆಯೇ.

ಕೋನಪ್ಪ ಪೈಪಿನ ಕುತ್ತಿಗೆಗೆ ಬಾವಿಯ ಬಾಯಿಗಿಂತ ಅಗಲದ ಕ್ಲ್ಯಾಂಪು ಬಿಗಿದು, ಕೊಕ್ಕೆಗೆ ಸಿಕ್ಕಿಸಿ, ಗೇಣುದ್ದ ಎತ್ತಿ, ಕೂತ.

“ಕೋನಪ್ಪಣ್ಣ, ಅಲ್ಲಿ ನನ್ನ ಹುಳ ಉಪವಾಸ ಬಿದ್ದವೆ, ನಿಂಗೆ ಇಲ್ಲಿ ಅಡಿಕೆ ಸಮಾರಾಧನೆ” ಎಂದಳು ಅನಸೂಯಮ್ಮ.

“ನೀನು ಅಗೀತಾ ಇರು ಮಾವ, ನಾನು ಎಳೀತೀನಿ” ಎಂದು ಅವಳ ಮೈದುನ ಗಂಗುಲಪ್ಪ ಸರಪಳಿಗೆ ಕೈ ಹಾಕಿದ.

“ಮುಟ್ಟಬ್ಯಾಡ ಕಣೋ.”

ಅಂಥ ಧ್ವನಿಯನ್ನು ನಾನು ಕೋನಪ್ಪನಿಂದ ಕೇಳಿರಲಿಲ್ಲ. ಕ್ಲ್ಯಾಂಪಿಗೂ ಬಾವಿಯ ಬಾಯಿಗೂ ನಡುವಿನ ಗೇಣು ಮುಕ್ಕಾಲು ಗೇಣಾಗಿತ್ತು, ನೋಡನೋಡುತ್ತ ಅರ್ಧವಾಯಿತು. ಸದ್ದಿಲ್ಲ, ಸುಳಿವಿಲ್ಲ, ಹಾವು ಹುತ್ತಕ್ಕೆ ಹೋಗುವ ಹಾಗೆ ಆ ಭಾರವೆಲ್ಲ ಇಳಿಯುತ್ತ ಇಳಿಯುತ್ತ ಠಣ್ಣೆಂದು ಬಾವಿಯ ಬಾಯಿಗೆ ಕೂತಿತು. ಗೇಣಿನಿಂದ ಕೂತದ್ದಕ್ಕೆ ಕ್ಲ್ಯಾಂಪು ತಡೆಯಿತು. ಆಳೆತ್ತರಕ್ಕೆ ಎಳೆದ ಮೇಲೆ ಜಾರಿದ್ದರೆ ಕ್ಲ್ಯಾಂಪು ಮುರಿದು ಎಲ್ಲವೂ ಪಾತಾಳ ಸೇರುತ್ತಿತ್ತು. ಗಂಗುಲಪ್ಪ ತನ್ನ ಕೈಯನ್ನು ತಾನೇ ನೋಡಿಕೊಂಡ.

ಕೋನಪ್ಪ ಪುಲ್ಲಿಯನ್ನು ಗೋಣಿತಾಟಿನ ಮೇಲೆ ಮಲಗಿಸಿ ಹೊಟ್ಟೆ ಬಿಚ್ಚಿದ. ಬಿಲ್ಲೆಗಳ ನಡುವೆ ಅರಿಶಿನ ಕಲಸಿದ ಹರಳೆಣ್ಣೆ ತೊಟ್ಟಿಕ್ಕುತ್ತಿತ್ತು. ಮೂಸಿ ನೋಡಿ ನಕ್ಕುಬಿಟ್ಟ.

“ನನ್ನ ಹೆಂಡ್ತಿ ಕೊಂಡಮ್ಮನ ಕೆಲಸ. ನಾನು ನಿನ್ನೆ ಶಿಡ್ಲಘಟ್ಟಕ್ಕೆ ಹೂವಿಗೆ ಹೋಗಿದ್ದಾಗ ಪೂಜೆಗೆ ಅಂತ ಇದಕ್ಕೆ ಎಣ್ಣೆಸ್ನಾನ ಮಾಡ್ಸವಳೆ, ಬಾಣಂತಿ ಮಗೀಗೆ ಮಾಡ್ಸಿದಂಗೆ.”

“ಅಕ್ಕನ್ನ ಕರ್ಸಣ, ಸೀಗೆಪುಡೀನೂ ಹಾಕಲಿ” ಎಂದಳು ಅನಸೂಯಮ್ಮ; ನಗು ಬಂದರೂ ಅವಳ ಕಣ್ಣು ತೋಟದ ಮೇಲೆಯೇ ಇತ್ತು.

ಗಂಗುಲಪ್ಪನ ಬೈಕಿನಿಂದ ಪೆಟ್ರೋಲು ಇಳಿಯಿತು. ಬಿಲ್ಲೆಗಳನ್ನು ತೊಳೆದು, ಬಿಸಿಲಿಗೆ ಹರವಿ, ಉಪ್ಪುಕಾಗದದಲ್ಲಿ ತಿಕ್ಕಿ, ಮತ್ತೆ ಜೋಡಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಮತ್ತೆ ಒಂದು ಗೇಣು. ನಾವೆಲ್ಲ ಆ ಗೇಣಿನ ಸುತ್ತ ಕೂತು, ಕೂಸಿನ ಉಸಿರು ನೋಡುವವರ ಹಾಗೆ ನೋಡಿದೆವು. ಕದಲಲಿಲ್ಲ. ಆಮೇಲೆ ಹಿಡಿಯಿತು ನೋಡಿ ಸರಪಳಿಯ ಟಿಕಟಿಕ, ಪೈಪಿನ ಮೇಲೆ ಪೈಪು, ಕೆಸರಿನ ನೀರು ಎಲ್ಲರ ಮುಖಕ್ಕೆ ಎರಚಿ, ಸಂಜೆಗೆ ಮೋಟಾರು ನೆಲ ಕಂಡಿತು. ರಿಪೇರಿಯಾಗಿ ಮತ್ತೆ ಇಳಿದು, ಮರುದಿನ ಕಾಲುವೆಯಲ್ಲಿ ನೀರು ಓಡಿತು; ಅನಸೂಯಮ್ಮನ ಹುಳುಗಳು ಹಣ್ಣಾಗಿ ಗೂಡು ಕಟ್ಟಿದವು.

“ಮನೇಲಿ ಕೊಂಡಮ್ಮನಿಗೆ ಬೈದೆಯೇನಪ್ಪ?” ಎಂದು ಆಮೇಲೆ ಕೋನಪ್ಪನನ್ನು ಕೇಳಿದೆ.

“ಪ್ರೀತಿಗೆ ಹುಯ್ದವಳೆ, ಬೈಯೋದೇನು ಬಂತು? ಬರೋ ವರ್ಷ ನಾನು ಮನೇಲಿ ಇದ್ದಾಗ ಹುಯ್ಯೆ ಅಂದೆ.”

ಇಂಥವರನ್ನು ಲೋಕ ಅನುಮಾನದ ಪಿಶಾಚಿಗಳೆಂದು ಆಡಿಕೊಳ್ಳುತ್ತದೆ. ಆದರೆ ಅವರ ಅನುಮಾನದಲ್ಲಿ ದ್ವೇಷದ ಲೇಶವಿಲ್ಲ. ತಾವು ಸಾಕಿದ ಯಂತ್ರವನ್ನೂ, ಕೈಹಿಡಿದ ಹೆಂಡತಿಯ ಭಕ್ತಿಯನ್ನೂ, ತಮ್ಮದೇ ಕೈಯನ್ನೂ ದಿನಬೆಳಗಾದರೆ ಹೊಸದಾಗಿ ಪರೀಕ್ಷಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹೊಸದಾಗಿಯೇ ನಂಬುತ್ತಾರೆ. ಊರಿನ ಭಾರವೆಲ್ಲ ಸದ್ದಿಲ್ಲದೆ ತೂಗುತ್ತಿರುವುದು ಆ ನಂಬಿಕೆಯ ಮೇಲೆ.