ಹೆಸರಿಗೆ ಮೊದಲು

ಮಣ್ಣಿನ ವಾಸನೆ, ಹಸಿ ಮಣ್ಣಿನದು, ಇಲ್ಲಿ ಒಂದು ಹನಿ ಬಿದ್ದಿಲ್ಲ, ಕಾವಲಿಯ ಮೇಲೆ ಸೊಪ್ಪಿನ ರೊಟ್ಟಿ ಸೀಯುತ್ತಿದೆ, ಈ ಹೊಗೆಯೊಳಗೆ ಎಲ್ಲಿಂದ ಬಂತು ಈ ವಾಸನೆ — ತಿರುಗಿ ನೋಡಿದರೆ ಬೆಟ್ಟದ ನೆತ್ತಿ ಕಪ್ಪಾಗಿದೆ, ಕೆಳಗೆ ಸಮುದ್ರದ ಕಡೆ ಮಾತ್ರ ಬಿಸಿಲು ಹಾಗೇ ಇದೆ, ಹೋಟೆಲುಗಳು, ಗಾಲ್ಫ್ ಮೈದಾನದ ಹಸಿರು, ಅಲ್ಲಿನವರಿಗೆ ಛತ್ರಿ ಬೇಕಾಗುವುದು ಬಿಸಿಲಿಗೆ, ಅವರಿಗೇನು, ನನ್ನ ಮಗ ಒಕ್ತಾಯ್ ಈಗ ಕಣಿವೆಯಲ್ಲಿದ್ದಾನೆ, ಒಣಗಿದ ಹೊಳೆಯೊಳಗೇ ಜೀಪು ಇಳಿಸಿಕೊಂಡು ಹೋಗಿದ್ದಾನೆ, ಜೊತೆಗೆ ಆ ಡಚ್ ಗಂಡ ಹೆಂಡತಿ, ಬೀಚು ನೋಡಿ ನೋಡಿ ಸಾಕಾಯ್ತಂತೆ, ಇದರಾಚೆ ನಿಮ್ಮ ನಿಜವಾದ ಊರಿದ್ರೆ ತೋರ್ಸಪ್ಪ ಅಂದರಂತೆ, ತೋರಿಸಲು ನಮ್ಮಲ್ಲಿ ಏನಿದೆ, ಮಣ್ಣು, ಮೇಕೆ, ಕಲ್ಲು, ಮತ್ತೆ ಈ ಹೊಳೆ, ಬೇಸಿಗೆಯಿಡೀ ಸತ್ತಂತೆ ಬಿದ್ದಿದ್ದು, ಬೆಟ್ಟದಲ್ಲಿ ಮಳೆ ಹೊಡೆದ ದಿನ ಒಂದೇ ಏಟಿಗೆ ಎದ್ದು ಬರುತ್ತದೆ. ಬೆಳಿಗ್ಗೆಯೇ ಹೇಳಿದೆನಲ್ಲ, ಬೆಟ್ಟದ ಮೇಲೆ ಮೋಡ ಕಟ್ತಿದೆ ಕಣೋ, ಇವತ್ತು ಹೊಳೆಗಿಳಿದ್ರೆ ವಾಪಸ್ ಬರಲ್ಲ ನೀನು — ಮಾತು ಮುಗಿಯುವ ಮೊದಲೇ ಅತ್ತೆ, ಹಲ್ಲು ಹೋದರೂ ನಾಲಿಗೆ ಚುರುಕು, ನಿನ್ನ ಬಾಯಿಗಿಷ್ಟು ಮಣ್ಣು ಹಾಕ, ಮೊಮ್ಮಗ ಹೊರಡೋ ಹೊತ್ತಲ್ಲಿ ಎಂಥ ಮಾತೇ ಗುಲಿಜಾರ್, ಬಿಡ್ತು ಅನ್ನು. ಅಂದೆ. ಬಿಡ್ತು, ಬಿಡ್ತು ಅಂದೆ, ಕೆಟ್ಟದ್ದನ್ನು ಆಡಿದ ಬಾಯಿಗೆ ಅದು ಹುಡುಕಿಕೊಂಡು ಬರುತ್ತದೆ ಎಂದು ಕೇಳಿಯೇ ಬೆಳೆದವಳು, ಅವನು ನಕ್ಕ, ಅಮ್ಮಾ, ನೀನು ರೇಡಿಯೋದಲ್ಲಿ ಹವಾಮಾನ ಓದೋಕೆ ಸೇರ್ಕೋ ಅಂದ, ನಾನು ಜೀಪಿನ ಹಿಂದೆ ಚೊಂಬು ನೀರು ಚೆಲ್ಲಿ, ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ ಅಂದೆ, ಹೊರಟವರ ಹಿಂದೆ ಇಲ್ಲಿ ಎಲ್ಲರೂ ಅನ್ನುವುದೇ, ಇವತ್ತು ಯಾಕಾದರೂ ಅಂದೆನೋ.

ಫೋನು ಮಾಡಿದೆ, ಹೋಗುವುದಿಲ್ಲ, ಆ ಕಣಿವೆಯ ಗೋಡೆಗಳ ನಡುವೆ ಯಾವ ಫೋನೂ ಹೋಗುವುದಿಲ್ಲ, ಓಡಿದರೂ ಮುಟ್ಟಲಾರೆ, ಅಲ್ಲಿಗೆ ಮುಟ್ಟುವುದು ಮಸೀದಿಯ ಮೈಕು ಒಂದೇ — ಆದರೆ ನಮ್ಮೂರಲ್ಲಿ ಮೈಕಿನಲ್ಲಿ ಹೆಸರು ಬರುವುದು ಸತ್ತವರದು, ಮೊದಲು ಸಲಾ, ಎಳೆದೆಳೆದು ಹಾಡುವ ಸಾವಿನ ಪ್ರಾರ್ಥನೆ, ಎಲ್ಲ ಮುಗಿದ ಮೇಲೆ ಹೆಸರು. ನನ್ನ ಗಂಡ ಸೆಫೆರನ ಹೆಸರು ಹಾಗೇ ಬಂತು, ಸಂತೆ ಸಂತೆಯೇ ನಿಂತುಬಿಟ್ಟಿತ್ತು, ತಕ್ಕಡಿ ಹಿಡಿದವನು ತಕ್ಕಡಿ ಇಳಿಸಿದ, ಎಲ್ಲರ ಅಂಗೈಗಳೂ ಆಕಾಶಕ್ಕೆ ಬಿಚ್ಚಿದ್ದವು, ನಿದ್ದೆಯಲ್ಲೂ ಬರುತ್ತವೆ ಆ ಅಂಗೈಗಳು. ಬದುಕಿರುವ ಮಗನ ಹೆಸರನ್ನು ಅಲ್ಲಿ ಕೂಗಿಸುವುದೇ, ಹೆತ್ತವಳ ಬಾಯಿಂದ ಕೇಳಿಕೊಳ್ಳುವುದೇ — ಶಕುನ ಹಾಳಾಗಲಿ, ರೊಟ್ಟಿ ಕರಕಲಾಗಲಿ, ಓಡುತ್ತಿದ್ದೇನೆ, ಚಪ್ಪಲಿ ಒಂದು ಎಲ್ಲೋ ಬಿತ್ತು, ಇಮಾಮ್ ನೆಜ್ಮಿ ಚಹಾ ಕುಡಿಯುತ್ತಾ ಕೂತಿದ್ದಾರೆ, ಅಣ್ಣಾ ಮೈಕು ಹಾಕಿ, ಒಕ್ತಾಯ್ ಹೊಳೆ ಬಿಟ್ಟು ಮೇಲೆ ಹತ್ತು ಅನ್ನಿ, ಅಷ್ಟೇ ಸಾಕು, ಬದುಕಿರೋನ ಹೆಸರಾ ತಂಗೀ, ಹೂಂ ಅಣ್ಣಾ, ಬೇಗ, ಬೆಟ್ಟ ನೋಡಿ. ನೋಡಿದರು, ಮುಖ ಬಿಳಿಚಿತು, ಒಳಗೆ ಓಡಿದರು, ಗಾಳಿಯ ಸದ್ದು ಮೈಕಿಗೆ ಬಾರದಿರಲೆಂದು ಯಾವಾಗಿನಂತೆ ಚಿಲಕ ಹಾಕಿಕೊಂಡರು, ಸ್ವಿಚ್ಚು ಟಕ್ ಎಂದಿತು, ಮೇಲೆ ಮಿನಾರು ಗಂಟಲು ಸರಿಮಾಡಿಕೊಂಡಿತು —

ಸಲಾ. ಅಯ್ಯೋ, ಸಲಾ ಶುರು ಮಾಡಿಬಿಟ್ಟರು, ಹೆಸರು ಎಂದರೆ ಸಲಾ ಎಂದೇ ಪಳಗಿದ ಗಂಟಲು, ಗಾಬರಿಯಲ್ಲಿ ಅದೇ ದಾರಿ ಹಿಡಿಯಿತು, ಕಿಟಕಿಯ ಸರಳುಗಳಾಚೆ ಕಿವಿಗೆ ಕೈ ಇಟ್ಟು ಕಣ್ಣು ಮುಚ್ಚಿ ನಿಂತಿದ್ದಾರೆ, ಬಾಗಿಲು ಬಡಿಯುತ್ತೇನೆ, ಅಣ್ಣಾ ಸಲಾ ಬೇಡ, ಹೆಸರು, ಮೊದಲು ಹೆಸರು, ನನ್ನ ದನಿ ನನಗೇ ಕೇಳುತ್ತಿಲ್ಲ, ತಲೆಯ ಮೇಲೆ ಅದೇ ರಾಗ ಬಡಿಯುತ್ತಿದೆ, ಬೀದಿಯಲ್ಲಿ ಬಾಗಿಲುಗಳು ತೆರೆಯುತ್ತಿವೆ, ಅತ್ತೆ ನನ್ನ ಹಿಂದೆಯೇ ಗೋಡೆ ಹಿಡಿದು ಇಲ್ಲಿಯ ತನಕ ಬಂದಿದ್ದಾಳೆ, ಯಾರೇ ಪಾಪ, ಯಾರು ಹೋದ್ರು ಎನ್ನುತ್ತಾ ಅಂಗೈ ಬಿಚ್ಚುತ್ತಿದ್ದಾಳೆ, ಯಾರೂ ಹೋಗಿಲ್ಲ ಅತ್ತೆ, ಕೈ ಇಳಿಸಿ, ಹಿಡಿದು ಮಡಚಿದರೂ ಮತ್ತೆ ಬಿಚ್ಚಿಕೊಳ್ಳುತ್ತವೆ, ಬೆಟ್ಟದ ಒಳಗೆಲ್ಲೋ ಗುಡುಗುಡು, ಗುಡುಗಲ್ಲ, ಗುಡುಗು ನಿಲ್ಲುತ್ತದೆ, ಇದು ನಿಲ್ಲುತ್ತಿಲ್ಲ, ಕಲ್ಲುಗಳು ಉರುಳುವ ಸದ್ದು, ಓಡು ಒಕ್ತಾಯ್, ಗಾಡಿ ಓಡಿಸು — ಅವನಿಗೂ ಕೇಳಿಸಿರುತ್ತದೆ. ಸಲಾ ಅವನಿಗೂ ಕೇಳಿಸಿರುತ್ತದೆ. ಸಲಾ ಕೇಳಿದ್ರೆ ಎಂಥ ಅವಸರ ಇದ್ರೂ ಗಾಡಿ ನಿಲ್ಸು ಮಗಾ, ಇಂಜಿನ್ ಆರ್ಸು, ಕೆಳಗಿಳಿ, ಹೆಸರು ಬರೋ ತನಕ ಕದಲಬೇಡ, ನಿಮ್ಮಪ್ಪಂಗೆ ಊರೇ ನಿಂತಿತ್ತು, ಹೀಗೆಂದು ಜೀಪಿನ ಚಾವಿ ಕೈಗೆ ಕೊಟ್ಟವಳು ನಾನು, ಇವನು ಒಮ್ಮೆಯೂ ತಪ್ಪಿಸಿದವನಲ್ಲ, ಆರಿಸಿದ್ದಾನೆ, ಇಳಿದಿದ್ದಾನೆ, ಮಾತಾಡುವ ಆ ಡಚ್ ಹೆಂಗಸಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದ್ದಾನೆ, ಸಲಾ ಇನ್ನೂ ಅರ್ಧಕ್ಕೆ ಬಂದಿಲ್ಲ, ಹೊಳೆಯ ನಟ್ಟನಡುವೆ ನಿಂತು ಪಾಪ ಯಾರ ಹೆಸರೋ ಎಂದು ಕಾಯುತ್ತಿದ್ದಾನೆ, ತಲೆ ತಗ್ಗಿಸಿ, ಎರಡೂ ಅಂಗೈ ಬಿಚ್ಚಿ, ಅಂಗೈ, ಬಿಚ್ಚಿದ ಅಂಗೈ