ಕುಡಿದವನೆಂಬ ಗೌರವ

ಗಂಡನಿಗೆ ಬೇನೆಗಿಂತ ಬಿಂಕ ಹೆಚ್ಚು ಎಂಬುದು ಅಮ್ಮಯಮ್ಮನಿಗೆ ಮದುವೆಯಾದಾಗಿನಿಂದಲೂ ಗೊತ್ತಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಗಂಗಣ್ಣನ ಬಿಂಕಕ್ಕೆ ಇನ್ನೊಂದು ಕೋಡು ಮೂಡಿತು. ಮಾತ್ರೆಯನ್ನಾದರೆ ಹತ್ತು ಜನರೆದುರು ನುಂಗುತ್ತಿದ್ದ; ಮಾತ್ರೆ ನುಂಗದ ಗಂಡಸು ಈಗ ನೆಲಮಂಗಲದ ಸುತ್ತ ಯಾರಿದ್ದಾನೆ? ಇನ್ಸುಲಿನ್ ಚುಚ್ಚಿಕೊಳ್ಳುವುದು ಮಾತ್ರ ಬಚ್ಚಲುಮನೆಯ ಚಿಲಕ ಹಾಕಿಕೊಂಡೇ ಆಗಬೇಕು.

ಅದಕ್ಕೆಲ್ಲ ಅವನ ಅಕ್ಕನ ಗಂಡ ವೆಂಕಟರಮಣಪ್ಪನೇ ಕಾರಣ. "ಇಂಜೆಕ್ಷನ್‌ಗೆ ಬಂತು ಅಂದ್ರೆ ಲಾಸ್ಟ್ ಸ್ಟೇಜು ಕಣೋ, ಕತೆ ಮುಗೀತು" ಎಂದು ಆತ ಕಂಡಕಂಡಲ್ಲಿ ಸಾರುತ್ತಿದ್ದ. ಹಾಗಲಕಾಯಿ ರಸ ಕುಡಿಯುವ ಮಹಾವೈದ್ಯ; ಓದಿದ್ದೆಲ್ಲ ವಾಟ್ಸಾಪಿನಲ್ಲಿ.

ಗಂಗಣ್ಣನ ತಮ್ಮನ ಮಗಳು ಪದ್ಮಶ್ರೀಯ ನಿಶ್ಚಿತಾರ್ಥ ತುಮಕೂರು ರಸ್ತೆಯ ಕಲ್ಯಾಣಮಂಟಪದಲ್ಲಿತ್ತು. ಆ ಬೆಳಿಗ್ಗೆ ಗಂಗಣ್ಣ ಸೂಜಿ ಚುಚ್ಚಿಕೊಂಡು ಬಂದವನೇ ಚಪ್ಪಲಿ ಮೆಟ್ಟಿದ.

"ಒಂದು ರೊಟ್ಟಿ ತಿಂದ್ಕೊಂಡು ಹೋಗಿ" ಎಂದಳು ಅಮ್ಮಯಮ್ಮ.

"ಹೆಣ್ಣಿನ ದೊಡ್ಡಪ್ಪ ಕಣೇ ನಾನು. ಮನೇಲಿ ತಿಂದ್ಕೊಂಡು ಹೋದ್ರೆ ತಮ್ಮ ಏನಂದ್ಕೊಂಡಾನು? ಹೋಗ್ತಿದ್ದಂಗೇ ತಿಂಡಿ ಇರ್ತದೆ."

ತಿಂಡಿಯೇನೋ ಇತ್ತು, ಬಡಿಸುವಂತಿರಲಿಲ್ಲ. ಗಂಡಿನ ಕಡೆಯವರು ಹೆದ್ದಾರಿಯ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಅವರು ಬರುವ ಮೊದಲೇ ಹೆಣ್ಣಿನ ಕಡೆಯವರು ಎಲೆ ಮುಂದೆ ಕೂತರೆ ಮರ್ಯಾದೆ ಹೋಗುತ್ತದಂತೆ. ಆ ಮರ್ಯಾದೆಯನ್ನು ಕಾಯಲು ಗಂಗಣ್ಣ ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತ. "ಒಂದು ಇಡ್ಲಿನಾದ್ರೂ ಬಾಯಿಗೆ ಹಾಕ್ಕೊಳ್ಳಿ" ಎಂದು ಹೆಂಡತಿ ಪಿಸುಗುಟ್ಟಿದರೆ ಕಣ್ಣು ಕೆಕ್ಕರಿಸಿದ.

ಗಂಡಿನ ಕಡೆಯವರು ಇನ್ನೂ ಬಂದಿರಲಿಲ್ಲ. ಗಂಗಣ್ಣ ಇದ್ದಕ್ಕಿದ್ದಂತೆ ವಾಲಗದವರನ್ನು ಬೈಯತೊಡಗಿದ. ನಾಲಗೆ ತೊದಲಿತು. ಕುರ್ಚಿಯಲ್ಲಿ ಕೂರಲು ಹೋಗಿ ನೆಲಕ್ಕೆ ಜಾರಿದ.

"ಬೆಳಿಗ್ಗೆನೇ ಏರಿಸ್ಕೊಂಡ್ಬಿಟ್ಟವ್ನೆ ಗುರು!" ಎಂದು ಯಾರೋ ನಕ್ಕರು. ಅಮ್ಮಯಮ್ಮನ ಮುಖ ಸುಟ್ಟಂತಾಯಿತು. ಹಿಂದೊಮ್ಮೆ ಬೀಗರೂಟದಲ್ಲಿ ಕುಡಿದು ಮಾನ ಕಳೆದವನೇ ಅವನು. ಹಾಳಾಗಿ ಹೋಗಲಿ ಎಂದು ಮುಖ ತಿರುಗಿಸಿದಳು.

ಆಗ ಅವನು ಅವಳ ಸೆರಗು ಹಿಡಿದು "ಅವ್ವಾ" ಎಂದ.

ಅವಳು ಬಗ್ಗಿ ಮೂಸಿದಳು. ಹೆಂಡದ ವಾಸನೆ ಇರಲಿಲ್ಲ. ಅಂಗಿ ಬೆವರಿಗೆ ತೊಯ್ದಿತ್ತು, ತಣ್ಣಗಿದ್ದ ಕೈ ನಡುಗುತ್ತಿತ್ತು. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: ಹೊಟ್ಟೆ ಖಾಲಿಯಾದರೆ ಆರೋಗ್ಯವಂತರ ಮೈ ತನ್ನ ಇನ್ಸುಲಿನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ಗೆ ಆ ವಿವೇಕವಿಲ್ಲ. ಊಟ ಬಂತೋ ಇಲ್ಲವೋ ನೋಡದೆ ರಕ್ತದಲ್ಲಿದ್ದುದನ್ನೆಲ್ಲ ಗುಡಿಸುತ್ತದೆ, ಮೆದುಳು ಹಸಿದು ತತ್ತರಿಸುತ್ತದೆ. ಅವರು ಹೇಳುವಾಗ ಗಂಗಣ್ಣ ಮೊಬೈಲು ನೋಡುತ್ತಿದ್ದ.

ಅಮ್ಮಯಮ್ಮ ಅಡುಗೆಮನೆಗೆ ಓಡಿ ಚೊಂಬಿನಲ್ಲಿ ಸಕ್ಕರೆ ಕದಡಿಕೊಂಡು ಬಂದಳು. ವೆಂಕಟರಮಣಪ್ಪ ಅಡ್ಡ ನಿಂತ.

"ಶುಗರ್ ಇರೋನ್ಗೆ ಸಕ್ಕರೆ ನೀರಾ? ಸಾಯಿಸ್ಬಿಡ್ತೀಯಲ್ಲಮ್ಮಾ! ನಿಂಬೆಹಣ್ಣು ತನ್ರೋ, ಏರಿರೋದು ಇಳೀಲಿ."

"ಏರಿಲ್ಲ ಅಣ್ಣಾ, ಶುಗರ್ರೇ ಇಳ್ದೈತೆ. ದಾರಿ ಬಿಡಿ, ಇಲ್ಲಾಂದ್ರೆ ಈ ಚೊಂಬು ನಿಮ್ ತಲೆ ಮೇಲೆ."

ದಾರಿ ಬಿಟ್ಟ. ಗಂಗಣ್ಣ ಗುಟುಕು ಗುಟುಕಾಗಿ ಕುಡಿದ. ಸ್ವಲ್ಪ ಹೊತ್ತಿಗೆ ಅವನ ಕಣ್ಣಿಗೆ ಗುರುತು ಮರಳಿತು. ಸುತ್ತ ನೋಡಿ ಅವಳ ಕಿವಿಯಲ್ಲಿ ಕೇಳಿದ:

"ಇಂಜೆಕ್ಷನ್ ವಿಷ್ಯ ಹೇಳ್ಬಿಟ್ಟೆಯೇನೇ?"

"ಇಲ್ಲ."

"ಹೇಳ್ಬೇಡ. ಕುಡ್ದಿದ್ದ ಅಂತಾನೇ ಇರ್ಲಿ."

ಅಮ್ಮಯಮ್ಮ ಅವನನ್ನೇ ದಿಟ್ಟಿಸಿದಳು. ಕುಡುಕನೆನಿಸಿಕೊಂಡರೆ ಗೌರವ, ರೋಗಿಯೆನಿಸಿಕೊಂಡರೆ ಅವಮಾನ! ತಾನೂ ಮುಖ ತಿರುಗಿಸಿದ್ದು ನೆನಪಾಗಿ ತನ್ನ ಮೇಲೂ ಅಸಹ್ಯವಾಯಿತು. ಎದ್ದು ನಿಂತು ವಾಲಗಕ್ಕಿಂತ ಜೋರಾಗಿ ಹೇಳಿದಳು:

"ನನ್ ಗಂಡ ಕುಡ್ದಿಲ್ಲ. ಇನ್ಸುಲಿನ್ ಚುಚ್ಕೊಂಡು ನಿಮ್ ಮರ್ಯಾದೆ ಕಾಯ್ತಾ ಹಸ್ಕೊಂಡು ನಿಂತಿದ್ರು. ಇನ್ನೊಂದು ಗಳಿಗೆ ಹೋಗಿದ್ರೆ ಮರ್ಯಾದೆ ಉಳೀತಿತ್ತು, ಇವ್ರು ಉಳೀತಿರ್ಲಿಲ್ಲ. ನಗೋರು ಈಗ ನಗ್ರಪ್ಪಾ!"

"ನಾನು ಮೊದ್ಲೇ ಹೇಳಿರ್ಲಿಲ್ವಾ, ಲಾಸ್ಟ್ ಸ್ಟೇಜು ಅಂತ" ಎನ್ನುತ್ತಾ ವೆಂಕಟರಮಣಪ್ಪ ಇನ್ನೊಂದು ಗುಂಪಿಗೆ ಪಾಠ ಮಾಡಲು ಹೋದ. ಪದ್ಮಶ್ರೀ ರೇಷ್ಮೆ ಸೀರೆಯಲ್ಲೇ ಇಡ್ಲಿ ತಟ್ಟೆ ತಂದು ದೊಡ್ಡಪ್ಪನ ಮುಂದಿಟ್ಟಳು. ಗಂಗಣ್ಣ ತಲೆ ತಗ್ಗಿಸಿ ತಿನ್ನುತ್ತಿರುವಾಗಲೇ ಗಂಡಿನ ಕಡೆಯವರು ಬಂದರು. ಬಂದವರು ಮೊದಲು ಕೇಳಿದ್ದು ಊಟದ ಹಾಲ್ ಎಲ್ಲಿ ಎಂದು.

ಮನೆಗೆ ಹಿಂತಿರುಗುವ ಬಸ್ಸಿನಲ್ಲಿ ಗಂಗಣ್ಣ ಹೆಂಡತಿಯೊಡನೆ ಒಂದು ಮಾತೂ ಆಡಲಿಲ್ಲ. ಮುನಿಸಿಕೊಳ್ಳುವಷ್ಟು ಸಕ್ಕರೆ ಮೈಯಲ್ಲಿದೆಯಲ್ಲ, ಸದ್ಯ, ಎಂದುಕೊಂಡು ಅಮ್ಮಯಮ್ಮ ಕಿಟಕಿಗೆ ತಲೆಯಾನಿಸಿದಳು.